ಹವಳದ ತವರು

ನಮ್ಮ ಕಡೆ ತಾಳಿಸರದಲ್ಲಿ ಮುತ್ತಿಲ್ಲದಿದ್ದರೆ ನಡೆಯುತ್ತದೆ, ಹವಳವಿಲ್ಲದಿದ್ದರೆ ನಡೆಯುವುದಿಲ್ಲ. ನನ್ನ ಸರದಲ್ಲಿ ಕರಿಮಣಿಗಳ ನಡುವೆ ಕೂತಿರುವ ಜೋಡಿ ಹವಳ ಅಜ್ಜಿಯ ಪೆಟ್ಟಿಗೆಯಿಂದ ಬಂದದ್ದು. ಒಂದರ ಅಂಚು ಸವೆದು ಸೊಟ್ಟಗಾಗಿದೆ. ನನ್ನನ್ನು ನೋಡಲು ಬಂದಾಗ ಅತ್ತೆಮನೆಯವರು ಗೋತ್ರ, ನಕ್ಷತ್ರ, ಸೋದರಮಾವನ ಅಡಿಕೆ ತೋಟ ಎಷ್ಟು ಎಕರೆ ಎಂಬುದನ್ನೆಲ್ಲ ವಿಚಾರಿಸಿಕೊಂಡಿದ್ದರು. ನನ್ನ ಜೊತೆಗೇ, ಅದೇ ಮುಹೂರ್ತದಲ್ಲಿ ಅದೇ ಹೊಸ್ತಿಲು ದಾಟಿದ ಈ ಹವಳಗಳ ತವರು ಯಾವುದೆಂದು ಮಾತ್ರ ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ಗಾಂಧಿ ಬಜಾರು ಎಂಬ ಉತ್ತರ ಸಿಗುತ್ತಿತ್ತು. ಶಿವಮೊಗ್ಗದವರ ಮಟ್ಟಿಗೆ ಚಿನ್ನ, ಬೆಳ್ಳಿ, ಮುತ್ತು, ಹವಳ ಎಲ್ಲ ಹುಟ್ಟುವುದು ಅಲ್ಲೇ.

ಹವಳದ ನಿಜವಾದ ತವರು ಮೆಡಿಟರೇನಿಯನ್ ಸಮುದ್ರ. ನಮ್ಮ ಲಕ್ಷದ್ವೀಪದಲ್ಲಿ, ಅಂಡಮಾನಿನಲ್ಲಿ ಹವಳದ ದಿಬ್ಬಗಳೇನೋ ಬೇಕಾದಷ್ಟಿವೆ. ಆದರೆ ಅವುಗಳ ಜಾತಿಯೇ ಬೇರೆ. ಉಜ್ಜಿದರೆ ಹೊಳೆಯುವ, ತೂತು ಕೊರೆದು ಪೋಣಿಸಬಹುದಾದ ಆ ಗಟ್ಟಿ ಕೆಂಪು ಅವುಗಳಲ್ಲಿಲ್ಲ. ರೋಮಿನ ಪ್ಲಿನಿ ಒಂದನೆಯ ಶತಮಾನದಲ್ಲೇ ಇದನ್ನು ಗಮನಿಸಿ ಬರೆದಿದ್ದಾನೆ: ನಮ್ಮ ಹೆಂಗಸರಿಗೆ ಭಾರತದ ಮುತ್ತಿನ ಮೇಲೆ ಎಷ್ಟು ಆಸೆಯೋ ಭಾರತದವರಿಗೆ ನಮ್ಮ ಹವಳದ ಮೇಲೆ ಅಷ್ಟೇ ಆಸೆ ಅಂತ. ಅದೇ ಶತಮಾನದ ಗ್ರೀಕ್ ನಾವಿಕರ ಕೈಪಿಡಿ ‘ಪೆರಿಪ್ಲಸ್’, ಮಲಬಾರಿನ ಮುಜಿರಿಸ್ ಬಂದರಿಗೆ ಬಂದಿಳಿಯುವ ಸರಕಿನ ಪಟ್ಟಿಯಲ್ಲಿ ತಾಮ್ರ, ತವರದ ಜೊತೆ ಹವಳವನ್ನೂ ಸೇರಿಸಿದೆ. 18ನೆಯ ಶತಮಾನದಲ್ಲಿ ಇಟಲಿಯ ಲಿವೋರ್ನೋ ಊರಿನ ಯಹೂದಿ ವರ್ತಕರು ಗೋವೆಗೆ ಹವಳ ಕಳಿಸಿ ಬದಲಿಗೆ ವಜ್ರ ತರಿಸಿಕೊಳ್ಳುತ್ತಿದ್ದರು. ಕೊಟ್ಟು ತರುವ ಸಂಬಂಧ. ಅಜ್ಜಿಯ ಹವಳವೂ ಹೀಗೇ ಯಾವುದೋ ಹಡಗಿನಲ್ಲಿ ಬಂದು ಘಟ್ಟ ಹತ್ತಿರಬೇಕು. ಒಮ್ಮೆ ಬಂದದ್ದೇ ಬಂದದ್ದು, ಯುಗಾದಿಗೂ ತವರಿಗೆ ಹೋಗಿಲ್ಲ, ಗೌರಿಹಬ್ಬಕ್ಕೂ ಬಾಗಿನ ಬಂದಿಲ್ಲ.

ಮಗಳು ಮಿಲಾನಿನಲ್ಲಿ ಕೆಲಸದಲ್ಲಿದ್ದಾಳೆ. ಬೇಸಿಗೆಯಲ್ಲಿ ನಾವು ಹೋದಾಗ ಸಾರ್ಡೀನಿಯಾ ದ್ವೀಪದ ಆಲ್ಗೆರೋ ಎಂಬ ಊರಿಗೆ ಕರೆದುಕೊಂಡು ಹೋದಳು. ಅಲ್ಲಿಯ ಕರಾವಳಿಗೆ ಹವಳದ ಕರಾವಳಿ ಎಂದೇ ಹೆಸರು. ಊರಿನ ಲಾಂಛನದಲ್ಲೂ ಒಂದು ಹವಳದ ಕೊಂಬೆ ಇದೆ. 1354ರಲ್ಲಿ ಅರಗಾನಿನ ರಾಜ ನಾಲ್ಕನೆಯ ಪೆರೆ ಈ ಊರನ್ನು ಹಿಡಿದು ಕತಲಾನರನ್ನು ತಂದು ಕೂರಿಸಿದ. ಅವರ ಪೀಳಿಗೆಯ ಅಜ್ಜ ಅಜ್ಜಿಯರು ಇವತ್ತಿಗೂ ಇಟಲಿಯಲ್ಲಿದ್ದುಕೊಂಡು ಮನೆಯಲ್ಲಿ ಕತಲಾನ್ ಮಾತಾಡುತ್ತಾರೆ. ಕಾಸರಗೋಡು, ಸೊಲ್ಲಾಪುರ ಕಂಡ ನಮಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ನಾನು ಸಿಲಿಂಡರು ಕಟ್ಟಿಕೊಂಡು ನೀರಿಗಿಳಿಯಲು ಕಲಿತದ್ದು ಹೈಸ್ಕೂಲಿನ ಜೀವಶಾಸ್ತ್ರ ಟೀಚರ್ ಕೆಲಸದಿಂದ ನಿವೃತ್ತಳಾದ ಮೇಲೆ, ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗುವ ನೇತ್ರಾಣಿ ದ್ವೀಪದ ಬಳಿ. “ಪಿಂಚಣಿ ಶುರುವಾದ ಮೇಲೆ ಮುಳುಗೋದು ಸರ್ಕಾರಕ್ಕೆ ಲಾಭ, ನನಗೇನು?” ಎಂದು ನಮ್ಮವರು ಆಗ ಕೇಳಿದ್ದರು. ನೀರಿಗೆ ನಾನು ಹೊಸಬಳಲ್ಲ. ಊರಿನ ಕೆರೆಯಲ್ಲಿ ಉಸಿರು ಬಿಗಿಹಿಡಿದು ಯಾರು ಹೆಚ್ಚು ಹೊತ್ತು ತಳದಲ್ಲಿರುತ್ತಾರೆ ಎಂಬ ಪಂದ್ಯದಲ್ಲಿ ಅಣ್ಣಂದಿರನ್ನು ಸೋಲಿಸಿದವಳು. ಇಲ್ಲಿ ನೋಡಿದರೆ ಮೊದಲ ಪಾಠವೇ ಉಸಿರು ಹಿಡಿಯಬಾರದು ಎನ್ನುವುದು. ಹತ್ತು ಮೀಟರು ಇಳಿದರೆ ಒತ್ತಡ ದುಪ್ಪಟ್ಟು. ಆ ಒತ್ತಡದಲ್ಲಿ ಎಳೆದುಕೊಂಡ ಗಾಳಿಯನ್ನು ಒಳಗೇ ಇಟ್ಟುಕೊಂಡು ಮೇಲೆ ಬಂದರೆ ಅದು ಹಿಗ್ಗಿ ಶ್ವಾಸಕೋಶವನ್ನೇ ಸೀಳಬಹುದು. ಆದ್ದರಿಂದ ಒಳಗೆ, ಹೊರಗೆ, ಒಳಗೆ, ಹೊರಗೆ, ಅದೂ ಬಾಯಲ್ಲೇ. ಮೂಗಿಗೆ ಇರುವುದೊಂದೇ ಕೆಲಸ: ಕಿವಿ ಗುಂಯ್ ಎಂದಾಗ ಅದನ್ನು ಹಿಂಡಿ ಒಳಗಿಂದ ಊದುವುದು.

ಇಡೀ ಆಯುಷ್ಯ ತರಗತಿಯಲ್ಲಿ ಕೂಗಿ ಬದುಕಿದವಳಿಗೆ ನಿಜವಾದ ಕಷ್ಟ ಮೌನ. ಬಾಯಲ್ಲಿ ರಬ್ಬರಿನ ತುಂಡು ಕಚ್ಚಿಕೊಂಡ ಮೇಲೆ ಉಳಿಯುವುದು ಕೈಸನ್ನೆ ಮಾತ್ರ. ಹೆಬ್ಬೆರಳು ಮೇಲೆತ್ತಿದರೆ ‘ಮೇಲೆ ಹೋಗೋಣ’ ಎಂದರ್ಥ. ಯಾವುದಾದರೂ ಚಂದದ ಮೀನು ಕಂಡು ‘ಭೇಷ್’ ಎಂದು ಹೆಬ್ಬೆರಳು ತೋರಿಸುವ ಆಸೆಯಾದರೆ ಅದುಮಿಕೊಳ್ಳಬೇಕು, ಇಲ್ಲದಿದ್ದರೆ ಗೈಡು ಶಿಸ್ತಾಗಿ ದೋಣಿಗೆ ವಾಪಸು ಕರೆದುಕೊಂಡು ಹೋಗುತ್ತಾರೆ. ಎಲ್ಲ ಸರಿಯಿದೆ ಎನ್ನಲು ತೋರುಬೆರಳನ್ನೂ ಹೆಬ್ಬೆರಳನ್ನೂ ಕೂಡಿಸಿ ಉಳಿದ ಮೂರನ್ನು ನೆಟ್ಟಗೆ ಬಿಡಬೇಕು. ಚಿನ್ಮುದ್ರೆ! ಗುರು ಮಾತಾಡದೆ ಕಲಿಸಿದ, ಶಿಷ್ಯರಿಗೆ ಸಂಶಯವೆಲ್ಲ ಕಳೆಯಿತು ಎಂದು ದಕ್ಷಿಣಾಮೂರ್ತಿಯ ಬಗ್ಗೆ ಹೇಳುತ್ತಾರಲ್ಲ, ಅದನ್ನು ನಂಬದ ಟೀಚರುಗಳನ್ನೆಲ್ಲ ಒಮ್ಮೆ ಸಮುದ್ರಕ್ಕೆ ಇಳಿಸಬೇಕು. ನಾನೂ ನಂಬಿರಲಿಲ್ಲ.

ನೇತ್ರಾಣಿಯ ನೀರು ಬೆಚ್ಚಗಿರುತ್ತದೆ. ಮೆಡಿಟರೇನಿಯನ್ನಿನಲ್ಲಿ ಬೇಸಿಗೆಯಾದರೂ ಕೆಳಗಿಳಿದಂತೆ ಹಲ್ಲು ಕಟಕಟ. ಹಾಗಾಗಿ ದಪ್ಪ ರಬ್ಬರಿನ ವೆಟ್‌ಸೂಟ್ ಬೇಕು. ಸೀರೆಯಾದರೆ ಮೈಗೆ ಬಟ್ಟೆ ಸುತ್ತುತ್ತೇವೆ, ಇಲ್ಲಿ ಬಟ್ಟೆಯೊಳಕ್ಕೆ ಮೈಯನ್ನು ತುರುಕಬೇಕು. ಬಂದರಿನ ಕಟ್ಟೆಯ ಮೇಲೆ ಮಗಳು ಹಿಂದಿನಿಂದ ಎಳೆಯುತ್ತ, “ಉಸಿರು ಬಿಡಮ್ಮ, ಇನ್ನೂ ಬಿಡು” ಎನ್ನುತ್ತಿದ್ದರೆ, ನಮ್ಮವರು ಎದುರಿನ ಬೆಂಚಿನಲ್ಲಿ ಕೂತು, “ಇವಳ ಹತ್ತಿರ ಬಿಡೋಕೆ ಇನ್ನೇನೂ ಉಳಿದಿಲ್ಲ ಅನ್ಸುತ್ತೆ ಕಣೇ” ಎಂದು ಅವಳಿಗೆ ವರದಿ ಒಪ್ಪಿಸಿದರು. ಆ ರಬ್ಬರು ತೇಲುತ್ತದೆ. ಅದರ ಮೇಲೆ ಆ ಸಮುದ್ರ ನಮ್ಮದಕ್ಕಿಂತ ಉಪ್ಪು, ಲೀಟರಿಗೆ 38 ಗ್ರಾಂ ಆಸುಪಾಸು. ಆದ್ದರಿಂದ ಮುಳುಗಲು ಸೊಂಟಕ್ಕೆ ಸೀಸದ ಪಟ್ಟಿ. ಮೈಗೆ ಇಷ್ಟೊಂದು ಭಾರ ಹೇರಿದ್ದು ನನ್ನ ಮದುವೆಯ ದಿನ ಬಿಟ್ಟರೆ ಅವತ್ತೇ.

ತಕರಾರು ಬಂದದ್ದು ತಾಳಿಯ ವಿಷಯಕ್ಕೆ. ಬಲೆಗೋ ಪಟ್ಟಿಗೋ ಸಿಕ್ಕಿಕೊಳ್ಳುತ್ತದೆ, ಉಂಗುರ ಸರ ಎಲ್ಲ ತೆಗೆದಿಡಿ ಎಂದಳು ಗೈಡ್ ಹುಡುಗಿ.

“ಅಮ್ಮ, ಚೈನ್ ತೆಗೀಬೇಕಂತೆ.”

“ಇದು ಚೈನ್ ಅಲ್ಲ ಅಂತ ಹೇಳೇ ಅವಳಿಗೆ.”

ಮಗಳು ಎರಡೂ ಕೈ ಬೀಸುತ್ತ ಇಟಾಲಿಯನ್ನಿನಲ್ಲಿ ಬಹಳ ಹೊತ್ತು ಏನೋ ಹೇಳಿದಳು. ನಡುವೆ ಅಪ್ಪನ ಕಡೆ ಬೊಟ್ಟು ಮಾಡಿದಳು. ಇವರು ಕಾರಣ ತಿಳಿಯದೆ ನಮಸ್ಕಾರ ಮಾಡಿದರು. ಹುಡುಗಿ ಹತ್ತಿರ ಬಂದು ಸರವನ್ನು ಬೆರಳಲ್ಲಿ ಎತ್ತಿ ನೋಡಿದವಳು, ತಾಳಿಯನ್ನು ಬಿಟ್ಟು ಹವಳವನ್ನು ಹಿಡಿದುಕೊಂಡಳು. “ಕೊರಾಲ್ಲೋ!” ಎಂದು ದೋಣಿಯವನನ್ನೂ ಕರೆದಳು. ಅವಳ ಅಜ್ಜ ಹವಳ ಕೀಳುತ್ತಿದ್ದವನಂತೆ. 1943ರಲ್ಲಿ ಫ್ರಾನ್ಸಿನ ಕುಸ್ಟೋ, ಗಾನ್ಯಾನ್ ಇಬ್ಬರೂ ಸೇರಿ ಬೆನ್ನಿಗೆ ಕಟ್ಟುವ ಉಸಿರಾಟದ ಸಲಕರಣೆ ರೂಪಿಸಿದರಲ್ಲ, ಅದು 1950ರ ದಶಕದಲ್ಲಿ ಈ ಕಡೆಗೂ ಬಂದಾಗ ಹವಳಕ್ಕಾಗಿ ನೀರಿಗಿಳಿದ ಮೊದಲಿನವರಲ್ಲಿ ಅವನೂ ಒಬ್ಬ. ಆಳದಿಂದ ಅವಸರದಲ್ಲಿ ಮೇಲೆ ಬಂದು ರಕ್ತದಲ್ಲಿ ಗುಳ್ಳೆ ಕಟ್ಟಿಕೊಂಡು ಕಾಲು ಕಳಕೊಂಡವರು, ಜೀವವನ್ನೇ ಕಳಕೊಂಡವರು ಆ ಕಾಲದಲ್ಲಿ ಎಷ್ಟೋ ಜನ. ಅಜ್ಜಿಯ ಹವಳ ಅದಕ್ಕಿಂತ ಹಳೆಯದು ಎಂದು ಮಗಳು ವಿವರಿಸಿದಳು. ಆಮೇಲೆ ಅವರವರಲ್ಲೇ ಮಾತುಕತೆಯಾಗಿ, ಸರ ವೆಟ್‌ಸೂಟಿನ ಒಳಗಿದ್ದರೆ ಅಡ್ಡಿಯಿಲ್ಲ, ಕೊರಳಿನ ಜಿಪ್ಪು ಮಾತ್ರ ಕೆಳಗೆ ಬರಕೂಡದು ಎಂದು ತೀರ್ಮಾನವಾಯಿತು. ಮಗಳ ಮುಖದಲ್ಲಿ ವಕೀಲರ ಗೆಲುವು.

ಊರಿನಿಂದ ದೋಣಿಯಲ್ಲಿ ಹೊರಟರೆ ಕಾಪೋ ಕಾಚ್ಚಾ ಎಂಬ ಭೂಶಿರ. ನೂರು ಮೀಟರಿಗೂ ಮೀರಿ ನೆಟ್ಟಗೆ ನಿಂತ ಬಿಳಿ ಸುಣ್ಣಕಲ್ಲಿನ ಗೋಡೆ. ಅದರ ಬುಡದಲ್ಲಿ ನೆಪ್ಟ್ಯೂನನ ಗುಹೆ ಎಂಬ ಪ್ರಸಿದ್ಧ ತಾಣವಿದೆ. ಮೇಲಿನಿಂದ ಬಂಡೆ ಕಡಿದ 654 ಮೆಟ್ಟಿಲು ಇಳಿದು ಹೋಗಬಹುದು. “ಇಳಿಯೋದು ಬಿಡು, ಹತ್ತೋರ್ಯಾರು?” ಎಂದು ನಮ್ಮವರು ಹಿಂದಿನ ದಿನವೇ ಅದನ್ನು ಕೈಬಿಟ್ಟಿದ್ದರು. ಈ ಬೆಟ್ಟದ ತುಂಬ ಗುಹೆಗಳೇ. ಹಿಮಯುಗದಲ್ಲಿ ಸಮುದ್ರ ಈಗಿನದಕ್ಕಿಂತ ನೂರಿಪ್ಪತ್ತು ಮೀಟರಿನಷ್ಟು ಕೆಳಗಿತ್ತು. ಆಗ ಮಳೆನೀರು ಸುಣ್ಣಕಲ್ಲನ್ನು ಕರಗಿಸಿ ಕೊರೆದ ಪೊಟರೆಗಳಲ್ಲಿ ಎಷ್ಟೋ ಈಗ ನೀರಿನಡಿ. ನೆರಿಯೋ ಎಂಬುದು ಯುರೋಪಿನ ದೊಡ್ಡ ಜಲಗುಹೆಗಳಲ್ಲೊಂದು, ಅನುಭವಿಗಳಿಗೆ ಮೀಸಲು. ನನ್ನ ಸರ್ಟಿಫಿಕೇಟಿನ ಮಿತಿ ಹದಿನೆಂಟು ಮೀಟರು. ನಮಗೆ ಗೊತ್ತುಮಾಡಿದ್ದು ಪಕ್ಕದ ಒಂದು ಸಣ್ಣ ಗವಿ, ಎಲ್ಲಿ ನಿಂತರೂ ಬಾಗಿಲಿನ ಬೆಳಕು ಕಾಣುವಂಥದ್ದು.

ದೋಣಿಯ ಅಂಚಿನಲ್ಲಿ ಕೂತು ಮಾಸ್ಕನ್ನು ಒತ್ತಿಹಿಡಿದು ಬೆನ್ನು ಹಿಂದಾಗಿ ಬೀಳಬೇಕು. ಬೀಳುವ ಮುಂಚೆ ಇವರ ಕಡೆ ನೋಡಿದೆ. ದೋಣಿಯವನಿಗೆ ಕೋಡುಬಳೆ ಕೊಡುವುದರಲ್ಲಿ ತಲ್ಲೀನರಾಗಿದ್ದರು.

ನೀರು ಅಷ್ಟು ತಿಳಿಯಾಗಿರುವುದನ್ನು ನಾನು ನೋಡಿರಲಿಲ್ಲ. ಮೂವತ್ತು ಮೀಟರು ಆಚೆಯ ಬಂಡೆಯ ಬಿರುಕೂ ಕಾಣುತ್ತದೆ. ಇದು ಸಮುದ್ರದ ಶ್ರೀಮಂತಿಕೆಯೆಂದು ತಿಳಿದರೆ ತಪ್ಪು, ಬಡತನ. ನೀರಿನಲ್ಲಿ ಪೋಷಕಾಂಶ ಕಡಿಮೆ, ಆದ್ದರಿಂದ ತೇಲುಸಸ್ಯ ಕಡಿಮೆ, ಆದ್ದರಿಂದ ತಿಳಿ. ನಮ್ಮ ಅರಬ್ಬಿ ಸಮುದ್ರದ ಹಸಿರು ಮಬ್ಬು ಹೊಟ್ಟೆತುಂಬ ಉಂಡವರ ಮಬ್ಬು. ಟೀವಿಯಲ್ಲಿ ತೋರಿಸುವ ಬಣ್ಣಬಣ್ಣದ ಹವಳದ ತೋಟವನ್ನು ಇಲ್ಲಿ ನಿರೀಕ್ಷಿಸಬಾರದು. ಇಲ್ಲಿ ರೀಫ್ ಎಂದರೆ ಪಾಚಿ, ಸ್ಪಂಜು ಹೊದ್ದ ಬಂಡೆ. ಸುಣ್ಣ ಕಟ್ಟುವ ಕೆಂಪು ಪಾಚಿಯೇ ಅದರ ಗಾರೆಯವನು. ಬಂಡೆಗಳ ನಡುವೆ ಪೊಸಿಡೋನಿಯಾದ ಹುಲ್ಲುಗಾವಲು. ಪಾಚಿಯಲ್ಲ, ಬೇರು ಹೂವು ಹಣ್ಣು ಎಲ್ಲ ಇರುವ ಅಪ್ಪಟ ಸಸ್ಯ. ಇದರ ಒಣಗಿದ ಎಲೆಗಳು ದಡದಲ್ಲಿ ರಾಶಿಬಿದ್ದದ್ದನ್ನು ನೋಡಿ ‘ಇಟಲಿಯಲ್ಲೂ ಕಸ ಗುಡಿಸೋದಿಲ್ಲ’ ಎಂದು ಇವರು ಸಮಾಧಾನಪಟ್ಟುಕೊಂಡಿದ್ದರು. ಕ್ರೋಮಿಸ್ ಎಂಬ ಕಪ್ಪು ಪುಟ್ಟ ಮೀನುಗಳ ಹಿಂಡು ನಮ್ಮನ್ನು ಕಂಡು ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು. ಒಂದು ಬಂಡೆಯ ಸಂದಿಯಿಂದ ದಪ್ಪ ತುಟಿಯ ಗ್ರೂಪರ್ ಇಣುಕಿತು. ಈ ಮೀನು ಮೊದಲು ಹೆಣ್ಣಾಗಿದ್ದು ವಯಸ್ಸಾದ ಮೇಲೆ ಗಂಡಾಗುತ್ತದೆ. ಸಂಸಾರದ ಕೆಲಸವೆಲ್ಲ ಮುಗಿಸಿ ಬಡ್ತಿ ಪಡೆದು ಕೂತ ಅದರ ಮುಖದಲ್ಲಿ ನನಗೆ ಮಾತ್ರ ಯಾವ ಗೆಲುವೂ ಕಾಣಲಿಲ್ಲ, ಯಾರೋ ಕಾಫಿ ತಂದುಕೊಡಲಿ ಎಂದು ಕಾಯುವ ಭಾವ.

ಗವಿಯ ಬಾಯಿಗೆ ಬಂದಾಗ ಗೈಡು ನಿಲ್ಲಿಸಿ ಗಾಳಿಯ ಮೀಟರು ನೋಡಿದಳು. ಗುಹೆಗೆ ಹೋಗುವವರ ಲೆಕ್ಕ ಮೂರು ಪಾಲು: ಒಂದು ಪಾಲು ಗಾಳಿ ಹೋಗಲು, ಒಂದು ಬರಲು, ಒಂದು ಆಪತ್ತಿಗೆ. ತಲೆಯ ಮೇಲೆ ಬಂಡೆಯಿದ್ದಾಗ ಮೇಲಕ್ಕೆ ಓಡುವ ಹಾಗಿಲ್ಲವಲ್ಲ. ಕಾಲನ್ನು ಕೆಳಕ್ಕೆ ಬಡಿಯಕೂಡದು, ತಳದ ಸಣ್ಣ ಕೆಸರು ಎದ್ದರೆ ಬಾಗಿಲು ಎತ್ತ ಎಂಬುದೇ ಮರೆಯಾಗುತ್ತದೆ. ನಾನು ತವರಿನ ಮದುಮಗಳ ಜೊತೆ ಬಂದ ಸೋದರತ್ತೆಯ ಗತ್ತಿನಲ್ಲಿ ಮೆಲ್ಲಗೆ ಒಳಕ್ಕೆ ಹೋದೆ.

ಒಳಗೆ ಮೊದಲು ಸಿಕ್ಕಿದ್ದು ಕಿತ್ತಳೆ ಕೆಂಪಿನ ಕಾರ್ಡಿನಲ್ ಮೀನುಗಳು. ಒಂದೊಂದು ಬೆರಳುದ್ದ, ದೊಡ್ಡ ಕಣ್ಣು. ಒಂದರ ದವಡೆ ಊದಿಕೊಂಡಿತ್ತು. ಅದು ಗಂಡು. ಹೆಣ್ಣು ಇಟ್ಟ ಮೊಟ್ಟೆಗಳನ್ನೆಲ್ಲ ಬಾಯಲ್ಲಿಟ್ಟುಕೊಂಡು ಮರಿಯಾಗುವ ತನಕ ಕಾಯುತ್ತದೆ. ಅಷ್ಟು ದಿನ ಊಟವೂ ಇಲ್ಲ. ಮಗಳು ನನ್ನ ಭುಜ ತಟ್ಟಿ ಆ ಮೀನನ್ನು ತೋರಿಸಿ, ಆಮೇಲೆ ದೋಣಿಯಿದ್ದ ದಿಕ್ಕಿಗೆ ಬೆರಳು ತೋರಿಸಿದಳು. ರೆಗ್ಯುಲೇಟರ್ ಕಚ್ಚಿಕೊಂಡು ನಗುವುದು ಅಪಾಯ; ಮಾಸ್ಕಿನೊಳಗೆ ನೀರು ನುಗ್ಗುತ್ತದೆ. ನುಗ್ಗಿತು.

ಗೈಡು ಮೇಲೆ ನೋಡಿ ಎಂದು ಸನ್ನೆ ಮಾಡಿದಳು. ಚಾವಣಿಯಿಂದ ಬೆರಳುದ್ದದ ಕಪ್ಪು ಕಡ್ಡಿಗಳು ತಲೆಕೆಳಗಾಗಿ ನೇತಾಡುತ್ತಿದ್ದವು. ಒಣಗಿದ ತೊಗರಿ ಕಟ್ಟಿಗೆಯನ್ನೂ ಯಾರೂ ಅಷ್ಟು ತಾತ್ಸಾರದಿಂದ ನೋಡುವುದಿಲ್ಲ, ಹಾಗೆ ನೋಡಿದೆ. ಆಮೇಲೆ ಅವಳು ಟಾರ್ಚು ಹಾಕಿದಳು.

ಸೂರ್ಯನ ಬೆಳಕಿನ ಕೆಂಪು ಭಾಗವನ್ನು ನೀರು ಮೊದಲ ಕೆಲವು ಮೀಟರುಗಳಲ್ಲೇ ಹೀರಿಬಿಡುತ್ತದೆ. ಆಳದಲ್ಲಿ ಕುಂಕುಮವೂ ಕಪ್ಪೇ. ಟಾರ್ಚಿನ ಬೆಳಕು ಬಿದ್ದದ್ದೇ ಇಡೀ ಚಾವಣಿ ಹೊಚ್ಚಹೊಸ ಕೆಂಪಾಯಿತು. ಅದರ ಮೇಲೆಲ್ಲ ಎಂಟೆಂಟು ಎಸಳಿನ ಬಿಳಿ ಹೂಗಳು. ಇಡೀ ಜನ್ಮ ಕತ್ತಲಲ್ಲಿ ಇರುವ ಜೀವಕ್ಕೆ ಈ ಬಣ್ಣ ಯಾಕೆ ಬೇಕಿತ್ತೋ! ತಮ್ಮ ಕೆಂಪನ್ನು ತಾವೇ ಕಂಡಿಲ್ಲ, ನೆರೆಯ ಮೀನೂ ಕಂಡಿಲ್ಲ. ಅದನ್ನು ನೋಡಿ ಮರುಳಾದವರು ಸಾವಿರಾರು ಮೈಲಿ ದೂರದ ನಾವು, ಅದೂ ಕಿತ್ತು ತಂದ ಮೇಲೆ. ಹವಳವನ್ನೇ ತನ್ನ ರತ್ನ ಮಾಡಿಕೊಂಡ, ಭೂಮಿಪುತ್ರನಾದ ಕುಜನಿಗೆ ಭೂಮಿಯ ಮೇಲೆ ಬೇರೆ ಕೆಂಪು ಸಿಗಲಿಲ್ಲವೇ?

ಹೂವೆಂದೆನಲ್ಲ, ಅದೇ ತಪ್ಪನ್ನು ದೊಡ್ಡವರೂ ಮಾಡಿದ್ದಾರೆ. ಪೆರ್ಸಿಯಸ್ ಮೆಡ್ಯೂಸಾಳ ರುಂಡವನ್ನು ಕಡಲಪಾಚಿಯ ಮೇಲೆ ಇಟ್ಟಾಗ ಅದು ಕಲ್ಲಾಗಿ ಹವಳವಾಯಿತೆಂದು ಓವಿಡ್ ಕತೆ ಹೇಳಿದ. 1706ರಲ್ಲಿ ಮಾರ್ಸಿಲಿ ಎಂಬ ವಿದ್ವಾಂಸ ಹೊಸದಾಗಿ ಕಿತ್ತ ಹವಳವನ್ನು ಸಮುದ್ರದ ನೀರಿನಲ್ಲಿಟ್ಟು, ಬಿಳಿ ಎಸಳು ಅರಳಿದ್ದು ಕಂಡು, ಹವಳದ ಹೂ ಸಿಕ್ಕಿತೆಂದು ಸಂಭ್ರಮಪಟ್ಟ. 1720ರ ದಶಕದಲ್ಲಿ ಮಾರ್ಸೇಲಿನ ವೈದ್ಯ ಪೆಸ್ಸೊನೆಲ್, ಇವು ಹೂವಲ್ಲ, ಪ್ರಾಣಿಗಳು ಎಂದು ಪ್ಯಾರಿಸ್ಸಿನ ಅಕಾಡೆಮಿಗೆ ಬರೆದು ಕಳಿಸಿದ. ಅಲ್ಲಿಯ ಹಿರಿಯ ವಿಜ್ಞಾನಿ ರೆಯೋಮ್ಯೂರ್‌ಗೆ ಇದೆಷ್ಟು ಹಾಸ್ಯಾಸ್ಪದವಾಗಿ ಕಂಡಿತೆಂದರೆ, ಪಾಪ ಹುಡುಗನ ಮಾನ ಉಳಿಯಲಿ ಎಂದು ಅವನ ಹೆಸರು ಹೇಳದೆಯೇ ಸಭೆಯ ಮುಂದಿಟ್ಟ. ಪೆಸ್ಸೊನೆಲ್ ಹೇಳಿದ್ದೇ ಸರಿ ಎಂದು ಒಪ್ಪಲು ಎರಡು ದಶಕ ಹಿಡಿಯಿತು. ನನ್ನ ತರಗತಿಯ ಹಿಂದಿನ ಬೆಂಚಿನಲ್ಲೂ ಒಬ್ಬಿಬ್ಬರು ಪೆಸ್ಸೊನೆಲ್‌ಗಳು ಇದ್ದಿರಬೇಕು.

ನನ್ನ ಉಸಿರಿನ ಗುಳ್ಳೆಗಳು ಚಾವಣಿಗೆ ತಾಗಿದವೋ ಏನೋ, ಆ ಭಾಗದ ಹೂಗಳೆಲ್ಲ ಸರಕ್ಕನೆ ಒಳಗೆ ಸೇರಿಕೊಂಡವು. ಅಜ್ಜಿಯ ಹವಳ ಎಷ್ಟು ದೂರದಿಂದ ಬಂದಿದೆ, ತವರಿನವರು ಬಾಗಿಲು ಹಾಕಿಕೊಂಡರು! ಅವರ ಮೇಲೆ ಸಿಟ್ಟಾಗುವ ಹಾಗೂ ಇಲ್ಲ. ಕೆಂಪು ಹವಳದ ಕೊಂಬೆ ವರ್ಷಕ್ಕೆ ಒಂದು ಮಿಲಿಮೀಟರು ಕೂಡ ದಪ್ಪವಾಗುವುದಿಲ್ಲ. ನನ್ನ ಕೊರಳಿನ ಮಣಿಯಷ್ಟಾಗಲು ದಶಕಗಳೇ ಬೇಕು. ಅಂಥ ಮನೆಗೆ ಶತಮಾನಗಟ್ಟಲೆ ಮರದ ಅಡ್ಡಪಟ್ಟಿಗೆ ಬಲೆ ಕಟ್ಟಿ ತಳದುದ್ದಕ್ಕೂ ಎಳೆದು, ಹತ್ತು ಮುರಿದು ಒಂದು ದಕ್ಕಿಸಿಕೊಳ್ಳುವ ವಿಧಾನದಿಂದ ಹೆಣ್ಣು ಕೇಳುತ್ತಿದ್ದರು. ಯುರೋಪಿನ ಒಕ್ಕೂಟ 1994ರಲ್ಲಿ ಆ ಬಲೆಯನ್ನು ನಿಷೇಧಿಸಿತು. ಈಗ ಪರವಾನಗಿ ಇದ್ದವರು ಮುಳುಗಿ, ಐವತ್ತು ಮೀಟರಿಗಿಂತ ಕೆಳಗಿನದನ್ನು ಕೈಯಿಂದ ಕೀಳಬಹುದು. ನನ್ನ ಹದಿನೆಂಟು ಮೀಟರಿನೊಳಗಿದ್ದ ಈ ಬಂಧುಗಳು ಬಚಾವು.

ಮೇಲೆ ಬಂದಾಗ ಕೋಡುಬಳೆ ಖಾಲಿಯಾಗಿತ್ತು. “ಹೇಗಿತ್ತು?” ಎಂದರು ಇವರು. ಅಷ್ಟು ಹೊತ್ತು ಕಟ್ಟಿಟ್ಟಿದ್ದ ಮಾತೆಲ್ಲ ಒಟ್ಟಿಗೆ ಬಂತು. ದೋಣಿಯವನು ಎಂಜಿನ್ನು ಚಾಲೂ ಮಾಡಿದ್ದು ಬೇಕೆಂದೇ ಇರಬಹುದು.

ಆ ಸಂಜೆ ಊರಿನ ಓಣಿಗಳಲ್ಲಿ ಹವಳದ ಅಂಗಡಿ ಹುಡುಕುತ್ತ ಹೊರಟೆವು. ಹುಡುಕಬೇಕಾದ್ದೇ ಇಲ್ಲ, ಎರಡು ಹೆಜ್ಜೆಗೊಂದಿದೆ. ನಾದಿನಿ ಶಿವಮೊಗ್ಗದಿಂದ ಹೇಳಿಕಳಿಸಿದ್ದಳು. ಅವಳ ಮಗನಿಗೆ ಜಾತಕದಲ್ಲಿ ಕುಜದೋಷ, ಹುಡುಗಿ ಕೂಡಿಬರುತ್ತಿಲ್ಲ, ಹವಳದ ಉಂಗುರ ಹಾಕಿಸಿ ಎಂದು ಜೋಯಿಸರು ಹೇಳಿದ್ದಾರೆ. ಇಲ್ಲಿ ಸಿಗುವುದೆಲ್ಲ ಬಣ್ಣ ಹಾಕಿದ್ದು, ನೀವು ಮೂಲಸ್ಥಾನಕ್ಕೇ ಹೋಗಿದ್ದೀರಿ, ಒಂದು ತನ್ನಿ ಅಂತ. ಅಂಗಡಿಯಾಕೆ ಮಖಮಲ್ಲಿನ ತಟ್ಟೆಯಲ್ಲಿ ಒಂದು ಹರಳಿಟ್ಟು ಬೆಲೆ ಹೇಳಿದಳು. ಇವರು ಅದನ್ನು ರೂಪಾಯಿಗೆ ಗುಣಿಸಿ, “ಈ ದುಡ್ಡಿಗೆ ಗ್ರಹವೇ ಮನೆಗೆ ಬಂದು ಕ್ಷಮೆ ಕೇಳಬೇಕು” ಎಂದರು. ಯಾವುದಕ್ಕೂ ಕೇಳಿಬಿಡೋಣವೆಂದು ನಾದಿನಿಗೆ ವಿಡಿಯೋ ಕಾಲ್ ಹಚ್ಚಿದೆ.

ಬೆಲೆ ಕೇಳಿ ಅವಳು ಕದಲಲಿಲ್ಲ. ಮಗನ ಮದುವೆಯ ವಿಷಯ. ಗವಿಯಲ್ಲಿ ಕಂಡದ್ದನ್ನೂ ಹೇಳಿದೆ, ಟೀಚರಿನ ಚಾಳಿ.

“ತಡೀರಿ ಅತ್ತಿಗೆ. ಅದು ಗಿಡ ತಾನೇ?”

“ಅಲ್ಲ ಕಣೇ, ಪ್ರಾಣಿ. ಸಾವಿರಾರು ಪುಟ್ಟ ಪ್ರಾಣಿಗಳು ಸೇರಿ ಕಟ್ಟಿಕೊಂಡ ಮೂಳೆ ಅಂತ ಇಟ್ಕೋ.”

ಆ ಕಡೆ ಬಹಳ ಹೊತ್ತು ಸದ್ದಿಲ್ಲ. ಅವಳ ಕೈ ತನ್ನ ತಾಳಿಸರದ ಕಡೆ ಹೋದದ್ದು ಫೋನಿನಲ್ಲಿ ಕಂಡಿತು. “ಮೂಳೇನಾ? ಇಷ್ಟು ವರ್ಷ ಮಡಿಯಲ್ಲಿ ಇದನ್ನ ಹಾಕ್ಕೊಂಡೇ ಅಡಿಗೆ ಮಾಡಿದೀನಲ್ಲ ಅತ್ತಿಗೆ!”

ನಮ್ಮವರು ನನ್ನ ಭುಜದ ಮೇಲಿಂದ ಬಗ್ಗಿ, “ಉಟ್ಟ ರೇಷ್ಮೆ ಹುಳುವಿನದ್ದು, ಪಂಚಾಮೃತದ ಜೇನು ನೊಣದ್ದು, ದೇವರ ಮನೆಯ ಶಂಖ ಹುಳುವಿನ ಮನೆ, ಮುತ್ತು ಚಿಪ್ಪಿನ ಕಾಯಿಲೆ. ಈಗ ಹವಳಕ್ಕೆ ಬಂದ್ಯಾ ತಂಗಿ?” ಎಂದರು. ಅಣ್ಣನ ಮಾತಿಗೆ ಅವಳು ಎಂದೂ ಬೆಲೆ ಕೊಟ್ಟವಳಲ್ಲ. ಜೋಯಿಸರನ್ನು ಕೇಳಿ ಹೇಳುತ್ತೇನೆಂದು ಫೋನ್ ಇಟ್ಟಳು. ಅಂಗಡಿಯಾಕೆ ತಟ್ಟೆ ಒಳಗಿಡಲೇ ಬೇಡವೇ ಎಂದು ಮಗಳನ್ನು ಕಣ್ಣಲ್ಲೇ ಕೇಳುತ್ತಿದ್ದಾಗ ಮತ್ತೆ ಫೋನ್ ಬಂತು.

“ದೋಷ ಇಲ್ಲವಂತೆ ಅತ್ತಿಗೆ, ರತ್ನ ಅಂದಮೇಲೆ ರತ್ನವೇ ಅಂತೆ. ಬಲಗೈ ಉಂಗುರದ ಬೆರಳಿಗೆ ಅಂದ್ರು. ನಾನೇ ಎಡಗೈಗೆ ಒಪ್ಪಿಸಿದೀನಿ. ಅಳತೆ ಕಳಿಸ್ತೀನಿ, ತಗೊಂಡುಬಿಡಿ. ಊಟ ಮಾಡೋ ಕೈಗೆ ಮೂಳೆ ತಾಗೋದು ಬೇಡ ನೋಡಿ, ಹುಡುಗ ಮೊದಲೇ ಸೂಕ್ಷ್ಮ, ಅನ್ನ ಸೇರಲ್ಲ ಅವನಿಗೆ.”

ಆ ಸೂಕ್ಷ್ಮದ ಹುಡುಗ ಬೆಂಗಳೂರಿನಲ್ಲಿ ಪ್ರತಿ ಭಾನುವಾರ ಮಟನ್ ಬಿರಿಯಾನಿಗೆ ಸರದಿಯಲ್ಲಿ ನಿಲ್ಲುವ ವಿಷಯ ಅವಳೊಬ್ಬಳನ್ನು ಬಿಟ್ಟು ಮನೆಯವರಿಗೆಲ್ಲ ಗೊತ್ತು. ಇವರು ನನ್ನ ಮುಖ ನೋಡಿದರು. ನಾನು ತೋರುಬೆರಳು, ಹೆಬ್ಬೆರಳು ಕೂಡಿಸಿ ತೋರಿಸಿದೆ, ಅಂಗಡಿಯಾಕೆ ಬಿಲ್ಲು ಬರೆಯತೊಡಗಿದಳು.